ಅತ್ತೆ ಆಡಿ ನೋಡದ ಬೋರ್ಡು

ನನ್ನದೊಂದು ಸಣ್ಣ ಚಿಂತೆ. ಹೊರಗೆ ಹೇಳಿದರೆ ನಗುತ್ತಾರೆಂದು ಡೈರಿಗೆ ಮಾತ್ರ ಹೇಳಿಕೊಂಡಿದ್ದೇನೆ. ನನ್ನ ಬಾಯಿಂದ ‘ಚೆನ್ನಾಗಿದೆ’ ಅನ್ನುವುದು ಬಿಟ್ಟರೆ ಬೇರೆ ಅಭಿಪ್ರಾಯವೇ ಹೊರಡುವುದಿಲ್ಲ. ಗೆಳತಿ ಕೂದಲು ಕತ್ತರಿಸಿಕೊಂಡು ಬಂದು “ಹೇಗಿದೆಯೇ?” ಅಂದರೆ ಚೆನ್ನಾಗಿದೆ. ಟೀ ಆರಿ ಕೆನೆಗಟ್ಟಿದ್ದರೂ ಚೆನ್ನಾಗಿದೆ. ಪದವಿ ಮುಗಿಸಿ ಹೋದ ಮೊದಲ ಸಂದರ್ಶನದಲ್ಲಿ ಈ ಕೆಲಸ ನಿಮಗೇಕೆ ಬೇಕು ಎಂದು ಕೇಳಿದ್ದಕ್ಕೂ ಗಾಬರಿಯಲ್ಲಿ “ನಿಮ್ಮ ಆಫೀಸು ಚೆನ್ನಾಗಿದೆ” ಅಂದುಬಿಟ್ಟಿದ್ದೆ. ಅವರು ನಕ್ಕು, ನೀರು ಕೊಟ್ಟು, ಕಳಿಸಿಕೊಟ್ಟರು.

ಬೇರೆ ಯಾರ ಮನೆಯಲ್ಲಾದರೂ ಇದು ನಡೆದುಹೋಗುತ್ತಿತ್ತೇನೋ. ಆದರೆ ನಾನಿರುವುದು ಮಾವನ ಮನೆಯಲ್ಲಿ. ಮಾವ ಎಂದರೆ ಅಮ್ಮನ ಅಣ್ಣ. ಕೈಯಲ್ಲೇ ಚದುರಂಗದ ಬೋರ್ಡು ಮಾಡುವವರು. ಅವರ ಲೆಕ್ಕದಲ್ಲಿ ‘ಚೆನ್ನಾಗಿದೆ’ ಅನ್ನುವುದು ಉತ್ತರವೇ ಅಲ್ಲ.

“ಚೆನ್ನಾಗಿದೆ ಅಂದ್ರೆ ಏನು ಚೆನ್ನಾಗಿದೆ? ಅಂಚಾ? ಬಣ್ಣಾನಾ? ಮುಟ್ಟಿದ್ರೆ ಕೈ ಏನನ್ನುತ್ತೆ? ಅದನ್ನ ಹೇಳು.”

ನಾನು ತಲೆ ತಗ್ಗಿಸಿ, ಇಲ್ಲದ ಮರದ ಪುಡಿಯನ್ನು ಒರೆಸತೊಡಗುತ್ತೇನೆ. “ಬಿಡ್ರೀ, ಆ ಮಗೂನ ಯಾಕೆ ಗೋಳು ಹುಯ್ಕೋತೀರಾ,” ಎಂದು ಅತ್ತೆ ಮೇಲಿನಿಂದ ಕೂಗುತ್ತಾರೆ. ನಾನು ಮಾತಾಡಿದರೆ ಪಿಸುಗುಟ್ಟಿದ ಹಾಗಿರುತ್ತದೆಂದು ನನಗೆ ‘ಪಿಸು’ ಎಂದು ಹೆಸರಿಟ್ಟವರೂ ಅತ್ತೆಯೇ. ಈಗ ಬೀದಿಯವರೆಲ್ಲ ಹಾಗೇ ಕರೆಯುತ್ತಾರೆ.

ಕೆಲಸದ ಕೋಣೆ ಕೆಳಗೆ, ಬೀದಿಗೆ ಮುಖ ಮಾಡಿದೆ, ಮನೆ ಮೇಲೆ. ಬೆಳಿಗ್ಗೆ ಮೆಟ್ಟಿಲಿಳಿಯುವಾಗಲೇ ಅಂಟು, ಎಣ್ಣೆ, ಆಗತಾನೇ ಕೊಯ್ದ ಮರ ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬರುತ್ತದೆ. ಬೇರೆ ಕೆಲಸ ಸಿಗುವವರೆಗೆ ಎಂದು ಮಾವನ ಜೊತೆ ಸೇರಿಕೊಂಡವಳು ನಾನು. ಗಿರಾಕಿಗಳು ಕೇಳಿದ್ದಕ್ಕೆಲ್ಲ ಫೋನಿನಲ್ಲಿ ಉತ್ತರ ಬರೆಯುತ್ತೇನೆ. ಬಾಯಿಯ ಕೆಲಸವಲ್ಲ, ಬೆರಳಿನದು, ಆದ್ದರಿಂದ ನನಗೆ ಸಲೀಸು. ಬೋರ್ಡಿಗೆ ಎಣ್ಣೆ ಹಚ್ಚಿ ಒರೆಸುವುದು, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸುವುದು ಕೂಡ ನನ್ನ ಪಾಲು. ಬೇರೆ ಕೆಲಸದ ವಿಷಯವನ್ನು ಈಗೀಗ ಮಾವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಆ ಕೋಣೆಗೊಂದು ಕಟ್ಟಳೆಯಿದೆ. ಅತ್ತೆ ಆಡಿ ನೋಡದೆ ಒಂದು ಬೋರ್ಡೂ ಹೊಸಲು ದಾಟುವಂತಿಲ್ಲ. ಅಂಟು ಒಣಗಿ, ಮರಳುಕಾಗದದ ಉಜ್ಜಾಟ ಮುಗಿದು, ಕೊನೆಯ ಎಣ್ಣೆಗೆ ಮೊದಲು ಬೋರ್ಡು ಮೆಟ್ಟಿಲು ಹತ್ತಿ ಮೇಲೆ ಹೋಗುತ್ತದೆ. ಸಂಜೆಯ ಟೀ ಆದಮೇಲೆ ಮಾವ, ಅತ್ತೆ ಎದುರುಬದುರು ಕೂತು ಒಂದಾಟ ಆಡುತ್ತಾರೆ. ಮಾವ ಸೋಲುತ್ತಾರೆ. ಅದು ಸುದ್ದಿಯಲ್ಲ, ಮದುವೆಯಾದಾಗಿನಿಂದ ಅವರು ಸೋಲುತ್ತಲೇ ಇದ್ದಾರೆ, ಅಭ್ಯಾಸವಾಗಿದೆ. ಸುದ್ದಿ ಎಂದರೆ ಆಡುತ್ತಾ ಆಡುತ್ತಾ ಅತ್ತೆ ಬೋರ್ಡನ್ನು ಬೈಯುವ ರೀತಿ. ಒಮ್ಮೆ ಯಾರೋ ಕೇಳಿದರೆಂದು ಮಾವ ಸುತ್ತಂಚಿಗೆಲ್ಲ ಬಳ್ಳಿ, ಹೂವು ಕೆತ್ತಿದ್ದರು.

“ಏನ್ರೀ ಇದು, ಆಟ ಆಡ್ಲೋ, ತೋಟ ಸುತ್ಲೋ?”

“ಗಿರಾಕಿಗೆ ಬೇಕಂತೆ ಕಣೇ.”

“ಗೋಡೆಗೆ ನೇತು ಹಾಕ್ತಾರಾ ಕೇಳಿ. ಹಾಕೋದಾದ್ರೆ ಸರಿ, ಹೂವು ಇರ್ಲಿ. ಆಡೋದಾದ್ರೆ ಕಿತ್ತು ಹಾಕಿ. ಕಣ್ಣು ಆಟದ ಮೇಲೇ ನಿಲ್ತಾ ಇಲ್ಲ ನೋಡಿ, ಬಳ್ಳಿ ಹಿಡ್ಕೊಂಡು ಸುತ್ತುಹೊಡೀತಿದೆ.”

ಮಾವನಿಗೆ ಗೊತ್ತಿರುವುದೆಲ್ಲ ಹೀಗೆ ಬೈಸಿಕೊಂಡು ಬಂದದ್ದು. ಮುಂಗೈ ಒತ್ತಿ ಗೆರೆ ಮೂಡಿತು ಎಂದು ಅತ್ತೆ ಮುಖ ಸಿಂಡರಿಸಿದ ಮೇಲೆ ಅಂಚಿನ ಚೂಪೆಲ್ಲ ಹೋಗಿ ದುಂಡಗಾಯಿತು. ಎತ್ತಲು ಹೋದರೆ ಉಗುರು ಮುರಿಯಿತು ಎಂದಾಗ ಅಡಿಯಲ್ಲಿ ಗುಂಡಿಯಂಥ ಪುಟ್ಟ ಕಾಲುಗಳು ಬಂದವು, ಬೆರಳು ತೂರುವಷ್ಟು ಸಂದು ಸಿಕ್ಕಿತು. ಕಾಯಿಗಳು ಬಸ್ಸಿನಲ್ಲಿ ನಿಂತವರ ಹಾಗೆ ಮೈಗೆ ಮೈ ತಾಗಿಸುತ್ತವೆ ಎಂದಾಗ ಬೋರ್ಡಿನ ಮನೆಗಳು ದೊಡ್ಡವಾದವು: ಒಂದು ಮನೆಯಲ್ಲಿ ನಾಲ್ಕು ಕಾಲಾಳು ಹಿಡಿಸಬೇಕು, ಐದನೆಯದಕ್ಕೆ ಜಾಗ ಇರಬಾರದು, ಇದೇ ಈಗ ಮಾವನ ಅಳತೆಗೋಲು. ಅಚ್ಚ ಕಪ್ಪು, ಅಚ್ಚ ಬಿಳುಪು ಮನೆಗಳಿಗೆ ಬೇಡ; ಹಾಲು ಹಾಕಿದ ಕಾಫಿ, ಹಾಲು ಹಾಕದ ಕಾಫಿ, ಅಷ್ಟು ವ್ಯತ್ಯಾಸ ಸಾಕು, ಕಣ್ಣು ದಣಿಯುವುದಿಲ್ಲ. ಹೊಳೆಯುವ ವಾರ್ನಿಷ್ ಎಂದು ಯಾರಾದರೂ ಬಾಯಿ ಬಿಟ್ಟರಂತೂ ಅತ್ತೆ, “ಮುಖ ನೋಡ್ಕೋಬೇಕಾದ್ರೆ ಕನ್ನಡಿ ಅಂಗಡಿ ಮುಂದಿನ ಬೀದೀಲಿದೆ” ಅಂದುಬಿಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮಾವ ನನಗೆ ಮೊದಲ ವಾರವೇ ಹೇಳಿಕೊಟ್ಟಿದ್ದರು. ಕಪ್ಪು ಕಾಯಿ ತಾನು ನಿಂತ ಕಪ್ಪು ಮನೆಗಿಂತ ಒಂದು ಕೈ ಹೆಚ್ಚೇ ಕಪ್ಪಗಿರಬೇಕು. ಬಿಳಿ ಕಾಯಿ ಬಿಳಿ ಮನೆಗಿಂತ ಹೆಚ್ಚೇ ಬೆಳ್ಳಗಿರಬೇಕು.

“ಕಾಯಿ ಮನೇಲಿ ನಿಂತಿರ್ಬೇಕು ಪಿಸು. ಕರಗಿ ಹೋಗ್ಬಾರ್ದು.”

ಇಷ್ಟೆಲ್ಲ ಗೊತ್ತಿದ್ದ ಮಾವ, ಅತ್ತೆಗೆಂದೇ ಒಂದು ಬೋರ್ಡು ಮಾಡಲು ಕೂತರು.

ಕಾರಣ ಒಂದು ಬೀರು. ಮದುವೆಯಾದ ಹೊಸದರಲ್ಲಿ ಮಾವ ಅತ್ತೆಗಾಗಿ ಮಾಡಿದ ಮರದ ಬೀರು. ಮೈ ಕಪ್ಪು ಮರದ್ದು, ಬಾಗಿಲು ಬಿಳಿ ಮರದ್ದು, ಮೇಲೆ ಮುಖ ಕಾಣುವಂಥ ವಾರ್ನಿಷ್. ಆಗಿನ ಕಾಲಕ್ಕೆ ಅದೇ ದೊಡ್ಡಸ್ತಿಕೆ. ಅತ್ತೆಯ ಸೀರೆ, ಮಾವನ ಸರ್ಟಿಫಿಕೇಟು, ಮುರಿದ ಛತ್ರಿ, ಬೆಳೆದ ಮೇಲೆ ನನ್ನ ಕಾಲೇಜಿನ ಪುಸ್ತಕ, ಎಲ್ಲವೂ ಅದರಲ್ಲೇ. ಹೋದ ವರ್ಷ ಅದರ ಬೆನ್ನಿಗೆ ಗೆದ್ದಲು ಹಿಡಿಯಿತು. ಮಾವ ಸಾಮಾನೆಲ್ಲ ತೆಗೆಸಿ, ಬೀರುವನ್ನು ಕೆಳಗಿಳಿಸಿ, “ಸೌದೆಗೆ ಹಾಕಿದೆ” ಅಂದರು. ಅತ್ತೆ ಬೀರು ಇದ್ದ ಗೋಡೆಯ ಮೇಲಿನ ಮಾಸಲು ಚೌಕವನ್ನು ಆಗಾಗ ನೋಡುತ್ತಿದ್ದರು, ಅಷ್ಟೇ.

ಸೌದೆಗೆ ಹಾಕಿರಲಿಲ್ಲ. ಗೆದ್ದಲು ಮುಟ್ಟದ ಭಾಗವನ್ನೆಲ್ಲ ಮಾವ ಕೊಯ್ದು, ಗೋಣಿಯಲ್ಲಿ ಮುಚ್ಚಿಟ್ಟಿದ್ದರು. ಕಪ್ಪು ಹಲಗೆಯಿಂದ ಕಪ್ಪು ಮನೆ, ಬಾಗಿಲಿನಿಂದ ಬಿಳಿ ಮನೆ. ಬೀರುವಿನ ದಪ್ಪನೆಯ ಕಾಲುಗಳನ್ನು ಲೇತಿಗೆ ಕೊಟ್ಟು ಕಪ್ಪು ಕಾಯಿ ಕಡೆದರು, ಬಾಗಿಲ ಚೌಕಟ್ಟಿನಿಂದ ಬಿಳಿ ಕಾಯಿ. ಬೀಗದ ಕೈಗೊಂಚಲು ವರ್ಷಗಟ್ಟಲೆ ತೂಗಾಡಿ ಉಜ್ಜಿದ್ದ ಜಾಗದಲ್ಲಿ ಒಂದು ಅರ್ಧಚಂದ್ರದ ಗುರುತು ಬಿದ್ದಿತ್ತು. ಆ ತುಂಡನ್ನು ಉಜ್ಜದೆ ಹಾಗೇ ಉಳಿಸಿಕೊಂಡು, ಅತ್ತೆ ಕೂರುವ ಕಡೆಯ ಒಂದು ಮನೆ ಮಾಡಿದರು.

“ಒಂದೇ ಬೀರು, ಪಿಸು. ಹೊರಗಿನಿಂದ ಒಂದು ಚೂರು ಮರ ಸೇರಿಸಿಲ್ಲ,” ಎಂದರು, ಮಗುವಿನ ಹಾಗೆ ಹಿಗ್ಗಿ. “ವಾರ್ನಿಷೂ ಆವತ್ತಿನದೇ ಥರ. ಆ ಬೀರು ಹೊಸದರಲ್ಲಿ ಹೊಳೀತಿತ್ತಲ್ಲ, ಅವಳು ಅದರ ಮುಂದೆ ನಿಂತು ತಲೆ ಬಾಚ್ತಿದ್ದಳು. ನೀನಿನ್ನೂ ಹುಟ್ಟಿರ್ಲಿಲ್ಲ ಬಿಡು.”

ಅತ್ತೆಗೆ ಅಚ್ಚರಿ ಮಾಡಬೇಕೆಂದು ಎಲ್ಲವೂ ಗುಟ್ಟಾಗಿ ನಡೆಯಿತು. ಅತ್ತೆ ಕೆಳಗೆ ಬಂದರೆ ನಾನು ಕೆಮ್ಮಬೇಕು, ಮಾವ ಗೋಣಿ ಎಳೆಯಬೇಕು. ಕೊನೆಯ ವಾರ ನಾನು ಎಷ್ಟು ಕೆಮ್ಮಿದೆನೆಂದರೆ ಅತ್ತೆ ಗಾಬರಿಯಾಗಿ ನನಗೆ ಕಷಾಯ ಕುಡಿಸಿದರು. ಹೀಗಾಗಿ ಆ ಕೋಣೆಯಿಂದ ಹೊರಟ ಬೋರ್ಡುಗಳಲ್ಲಿ ಅತ್ತೆ ಆಡಿ ನೋಡದೆ ಮುಗಿಸಿದ್ದು ಇದೊಂದೇ, ಅತ್ತೆಯದೇ ಬೋರ್ಡು.

ಕೊಟ್ಟ ದಿನ ಎದುರಂಗಡಿಯ ಗಡಿಯಾರ ರಿಪೇರಿಯವರೂ ಇದ್ದರು. ಅವರು ಅತ್ತೆಯನ್ನು ಅಕ್ಕ ಎಂದೂ, ಆ ಲೆಕ್ಕಕ್ಕೆ ಮಾವನನ್ನು ಭಾವ ಎಂದೂ ಕರೆಯುತ್ತಾರೆ. ನನಗೆ ಅವರು ಗಡಿಯಾರದ ಮಾಮ. ಕೆಲಸದ ಕಣ್ಣುಗಾಜನ್ನು ಹಣೆಗೇರಿಸಿಕೊಂಡೇ ಟೀಗೆ ಬರುತ್ತಾರೆ.

ಅತ್ತೆ ಬೋರ್ಡಿನ ಮೇಲೆ ಅಂಗೈ ಆಡಿಸುತ್ತಾ ಬಂದರು. ಅರ್ಧಚಂದ್ರದ ಹತ್ತಿರ ಕೈ ನಿಂತಿತು.

“ರೀ… ಇದು ನನ್ನ ಬೀರು.”

“ಹೂಂ ಕಣೇ.”

“ಗೆದ್ದಲು ತಿಂದಿತ್ತಲ್ಲ?”

“ತಿಂದು ಬಿಟ್ಟಿದ್ದು ಇಷ್ಟು.”

“ಅಕ್ಕ, ನೋಡಿ,” ಅಂದರು ಗಡಿಯಾರದ ಮಾಮ, “ಭಾವ ನಿಮಗೆ ಗೆದ್ದಲಿನ ಎಂಜಲು ಉಡುಗೊರೆ ಕೊಟ್ಟಿದ್ದಾರೆ!”

ಅತ್ತೆ ನಗಲು ಹೋಗಿ ಅತ್ತುಬಿಟ್ಟರು. ಸೆರಗಿನಿಂದ ಮೊದಲು ಬೋರ್ಡಿನ ಮೇಲೆ ಬಿದ್ದ ಹನಿಯನ್ನು ಒರೆಸಿದರು, ಆಮೇಲೆ ಕಣ್ಣು. ಅಂಚು ಹೇಗಿದೆ, ಹೊಳಪು ಹೇಗಿದೆ, ಯಾವುದನ್ನೂ ಬೈಯಲಿಲ್ಲ. ಬೋರ್ಡೊಂದನ್ನು ಅತ್ತೆ ಬೈಯದೆ ಇದ್ದದ್ದು ನಾನು ಕಂಡ ಹಾಗೆ ಅದೇ ಮೊದಲು.

“ಹೇಗಿದೆ ಪಿಸು?” ಎಂದು ಮಾವ ನನ್ನನ್ನೂ ಕೇಳಿದರು.

“ಚೆನ್ನಾಗಿದೆ ಮಾವ.”

ಏನು ಚೆನ್ನಾಗಿದೆ ಎಂದು ಆವತ್ತು ಅವರು ಕೇಳಲಿಲ್ಲ. ನನಗೂ ಅದು ಸುಳ್ಳೆನಿಸಲಿಲ್ಲ. ಕಿಟಕಿಯ ಬಿಸಿಲಿನಲ್ಲಿ ಆ ಬೋರ್ಡು ಜೇನಿನ ಹಾಗೆ ಇತ್ತು.

ಅಂದಿನಿಂದ ಸಂಜೆಯ ಆಟವೆಲ್ಲ ಅದರ ಮೇಲೆಯೇ. ನಡುಮನೆಯಲ್ಲಿ ಮಾವನ ಕುರ್ಚಿ ಗೋಡೆಗೆ ಒತ್ತಿಕೊಂಡಿದೆ, ಅವರ ತಲೆಯ ಮೇಲೆ ಗೋಡೆಯ ದೀಪ. ಅತ್ತೆಯದು ಎದುರಿನ ಕುರ್ಚಿ, ಒಲೆಯ ಮೇಲೆ ಏನಾದರೂ ಉಕ್ಕಿದರೆ ಎದ್ದು ಓಡಲು ಅನುಕೂಲ. ನಾನು ಬದಿಯ ದಿಂಬಿನ ಮೇಲೆ ಕೂತು ಪುಸ್ತಕ ಹಿಡಿದು ಆಟ ನೋಡುತ್ತೇನೆ. ಎರಡನೆಯ ಸಂಜೆಯೇ ಅತ್ತೆ ತಮ್ಮ ಮಂತ್ರಿಯನ್ನು ಮಾವನ ಒಂಟೆಯ ಬಾಯಿಗೆ ಕೊಟ್ಟರು. ಮೂಲೆಯಿಂದ ಮೂಲೆಗೆ ಓರೆಯಾಗಿ ಹಾಯುವ ಒಂಟೆ, ಕಪ್ಪು ಮನೆಯ ಮೇಲೆ ಎಷ್ಟೋ ಹೊತ್ತಿನಿಂದ ನಿಂತಿತ್ತು.

“ಅಯ್ಯೋ, ಇದೆಲ್ಲಿತ್ರೀ?”

“ಇಲ್ಲೇ ಇತ್ತಲ್ಲೇ.”

ಎಲ್ಲರೂ ನಕ್ಕೆವು. ಮಾವ ಗೆದ್ದದ್ದಕ್ಕೆ ಗಡಿಯಾರದ ಮಾಮ ಬೀದಿಗೆಲ್ಲ ಕೇಳುವ ಹಾಗೆ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಆನೆ ಹೋಯಿತು. ಅದರ ಮರುದಿನ, ಸಲೀಸಾಗಿ ಗೆಲ್ಲುವ ಆಟದಲ್ಲಿ ಮತ್ತೆ ಮಂತ್ರಿ. ಮಾವನೂ ಕಾಯಿ ಕಳೆದುಕೊಳ್ಳುತ್ತಿದ್ದರು, ಆದರೆ ಮಾವ ಕಾಯಿ ಕಳೆದುಕೊಳ್ಳುವುದು ಯಾವತ್ತಿನದು. ಅದನ್ನು ಯಾರು ಗಮನಿಸುತ್ತಾರೆ?

ಅತ್ತೆಯ ನಗು ಸಣ್ಣದಾಗುತ್ತಾ ಬಂತು. ಒಂದು ಬೆಳಿಗ್ಗೆ ಹಾಲು ಉಕ್ಕಿಸಿದರು. ಹಾಲು ಮೊದಲೂ ಉಕ್ಕುತ್ತಿತ್ತು, ಆಗೆಲ್ಲ ಹಾಲನ್ನು ಬೈಯುತ್ತಿದ್ದರು. ಈ ಸಲ ಬೈಯದೆ, ಒಲೆಯ ಮುಂದೆ ಮಸಿಬಟ್ಟೆ ಹಿಡಿದು ನಿಂತುಬಿಟ್ಟರು.

“ಪಿಸು, ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು ಕಣೇ. ಕಣ್ಮುಂದೆ ಇರೋದೇ ಕಾಣ್ತಿರ್ಲಿಲ್ಲ. ಮೊದಲು ಸಾಮಾನು. ಆಮೇಲೆ ನಾವು.”

“ಕಣ್ಣೇನಾದರೂ…” ಅಂದೆ.

“ಕಣ್ಣಿಗೇನೂ ಆಗಿಲ್ಲ. ಕನ್ನಡಕ ಬದಲಾಯ್ಸಿ ಎರಡು ತಿಂಗಳಾಗಿಲ್ಲ. ಬೆಳಿಗ್ಗೆ ನಿನ್ನ ಕುಪ್ಪಸದ ಗುಂಡಿ ಹೊಲಿದಿಲ್ವಾ, ಒಂದೇ ಸಲಕ್ಕೆ ದಾರ ಪೋಣಿಸ್ದೆ. ಕೆಟ್ಟಿರೋದು ಇದು.” ತಲೆಯ ಮೇಲೆ ಬೆರಳಿಟ್ಟು ತೋರಿಸಿದರು. ಅಲ್ಲೇ ಕನ್ನಡಕವೂ ಸಿಕ್ಕಿತು. ಅದನ್ನೇ ಬೆಳಗಿನಿಂದ ಹುಡುಕುತ್ತಿದ್ದರಂತೆ. ಮೊದಲಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ಅತ್ತೆ ಕನ್ನಡಕವನ್ನು ಕೈಯಲ್ಲಿ ಹಿಡಿದು, ಸಾಕ್ಷಿ ಸಿಕ್ಕಿತು ಅನ್ನುವ ಹಾಗೆ ನೋಡಿದರು.

ಮಾವನಿಗೂ ಹೇಳಿರಬೇಕು. ಕೆಳಗೆ ಮರ ಹೆರೆಯುವ ಹತ್ತರಿ ಹಿಡಿದವರು ಹಲಗೆಯ ಅರ್ಧದಲ್ಲಿ ನಿಂತುಬಿಡುತ್ತಿದ್ದರು. ಪೇಟೆಯ ದೊಡ್ಡ ಡಾಕ್ಟರ ಹತ್ತಿರ ಸಮಯ ಕೇಳು ಎಂದು ನನಗೇ ಹೇಳಿದರು. ನಾನು ಫೋನಿನಲ್ಲಿ ಬರೆದು ಕೇಳಿದೆ. ಗುರುವಾರ ಬೆಳಿಗ್ಗೆ ಬನ್ನಿ ಎಂದು ಉತ್ತರ ಬಂತು.

ಮಂಗಳವಾರದ ಸಂಜೆ ಮಾವ ಒಂದು ಕೆಲಸ ಮಾಡಿದರು. ತಮ್ಮ ಕಪ್ಪು ಮಂತ್ರಿಯನ್ನು ತಂದು ಅತ್ತೆಯ ಕುದುರೆ ಹಾರುವ ಬಿಳಿ ಮನೆಯಲ್ಲಿ ಇಟ್ಟರು. ನನಗೇ ಕಂಡಿತು, ಅಷ್ಟು ಢಾಳಾಗಿ. ಅತ್ತೆ ಅದನ್ನು ನೋಡಿದರು. ಮಾವನ ಮುಖ ನೋಡಿದರು. ಮಾವ ಸೂರು ನೋಡುತ್ತಿದ್ದರು.

“ಬೇಕಂತ ಇಟ್ರಿ.”

“ಇಲ್ವೇ, ನಾನೆಲ್ಲೋ ಯೋಚ್ನೆ ಮಾಡ್ತಾ…”

“ಇಷ್ಟು ವರ್ಷದಲ್ಲಿ ಒಂದು ಕಾಲಾಳೂ ಬಿಟ್ಟುಕೊಟ್ಟವರಲ್ಲ ನೀವು. ಸೋತಿದ್ದೀರಿ, ಬಿಟ್ಟುಕೊಟ್ಟಿಲ್ಲ. ಇವತ್ತು ಬಿಟ್ಟುಕೊಟ್ರಿ.” ಅತ್ತೆಯ ದನಿ ಏರಲಿಲ್ಲ. “ಅಂದ್ರೆ ನಿಮಗೂ ಅನ್ನಿಸಿದೆ.”

ಅವರು ಎದ್ದು ಅಡುಗೆಮನೆಗೆ ಹೋದರು. ಮಾವ ಹಿಂದೆಯೇ ಹೋದರು. ಪಾತ್ರೆಯ ಸದ್ದು, ನಡುವೆ ಮಾವನ ಸಣ್ಣ ದನಿ. ನನಗೆ ಕೈಗೆ ಕೆಲಸ ಬೇಕಿತ್ತು. ಕಾಯಿಗಳನ್ನು ಎತ್ತಿಡೋಣವೆಂದು ಅತ್ತೆಯ ಕುರ್ಚಿಯಲ್ಲಿ ಕೂತೆ.

ಆ ಕುರ್ಚಿಯಲ್ಲಿ ಕೂತು ನಾನು ಎಂದೂ ಬೋರ್ಡು ನೋಡಿರಲಿಲ್ಲ. ಎದುರಿನ ಗೋಡೆಯ ದೀಪ ನೇರ ಬೋರ್ಡಿನ ನಡುವೆ ಬಿದ್ದಿತ್ತು, ಚೆಲ್ಲಿದ ಹಾಲಿನ ಹಾಗೆ. ನಡುವಿನ ಮನೆಗಳಲ್ಲಿ ಕಪ್ಪು ಯಾವುದು, ಬಿಳಿ ಯಾವುದು ಎಂದೇ ಗೊತ್ತಾಗಲಿಲ್ಲ. ಅದರ ಸುತ್ತ, ದೀಪ ತಾಗದ ಕಡೆ, ಇನ್ನೂ ವಿಚಿತ್ರ. ಎತ್ತಿಡಬೇಕಾದ ಕಾಯಿಗಳನ್ನೆಲ್ಲ ಪೆಟ್ಟಿಗೆಗೆ ಹಾಕಿದೆ ಅಂದುಕೊಂಡೆ. ಕೈ ಆಡಿಸಿದರೆ ಒಂಟೆಯೊಂದು ಬೆರಳಿಗೆ ತಾಗಿ ಉರುಳಿತು. ಅಲ್ಲೇ ನಿಂತಿತ್ತು, ನನ್ನ ಮೂಗಿನ ಮುಂದೆ. ಅದನ್ನು ಮತ್ತೆ ಅದೇ ಕಪ್ಪು ಮನೆಯಲ್ಲಿ ನಿಲ್ಲಿಸಿದೆ. ಅದೇ ಬೀರು, ಅದೇ ಹಲಗೆ, ಅದೇ ಬಣ್ಣ, ಅದೇ ಹೊಳಪು. ತಲೆ ಪಕ್ಕಕ್ಕೆ ವಾಲಿಸಿದರೆ ಒಂಟೆ ಬಂತು, ನೆಟ್ಟಗೆ ಕೂತರೆ ಹೋಯಿತು. ವಾಲಿಸಿದೆ, ಬಂತು. ಕೂತೆ, ಹೋಯಿತು.

ನಿಂತಿರಲಿಲ್ಲ ಅದು. ಕರಗಿಹೋಗಿತ್ತು.

ಹಗಲಿನಲ್ಲಿ ಕೆಳಗಿನ ಕಿಟಕಿಯ ಹತ್ತಿರ ಇದು ಯಾರಿಗೂ ಕಾಣುವಂತಿರಲಿಲ್ಲ. ದೀಪಕ್ಕೆ ಬೆನ್ನು ಹಾಕಿ ಕೂರುವ ಮಾವನಿಗೆ ಸಂಜೆಯೂ ಅಷ್ಟಾಗಿ ಕಾಣದು; ಜೊತೆಗೆ ಒಂದೊಂದು ಕಾಯಿಯೂ ಅವರ ಕೈಯಲ್ಲೇ ಹುಟ್ಟಿದ್ದು, ಕಣ್ಣು ಮುಚ್ಚಿಯೂ ಎಲ್ಲಿದೆ ಅನ್ನುತ್ತಾರೆ. ಬೇರೆ ಯಾರದೇ ಬೋರ್ಡಾಗಿದ್ದರೆ ಅತ್ತೆ ಮೊದಲ ಸಂಜೆಯೇ, “ಏನ್ರೀ ಇದು, ಕಣ್ಣಾಮುಚ್ಚಾಲೆನಾ?” ಎಂದು ಎತ್ತಿ ಕೆಳಗೆ ಕಳಿಸುತ್ತಿದ್ದರು. ಇದು ಬೀರು. ಇದರಲ್ಲಿ ತಪ್ಪಿರಬಹುದೆಂದು ಅವರ ಮನಸ್ಸಿಗೆ ಬರಲೇ ಇಲ್ಲ. ಬೋರ್ಡಿನ ಬದಲು ತಮ್ಮನ್ನೇ ಅನುಮಾನಿಸಿದರು.

ಅಡುಗೆಮನೆಯಿಂದ ಇಬ್ಬರೂ ಹೊರಗೆ ಬಂದಾಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಮಾವ ಬೋರ್ಡಿನ ಅಂಚನ್ನು, ಬೆಕ್ಕಿನ ಬೆನ್ನು ಸವರುವ ಹಾಗೆ, ಸುಮ್ಮನೆ ಒಮ್ಮೆ ಸವರಿ ಹೋದರು. ನನ್ನ ಬಾಯಿ ಮುಚ್ಚಿಕೊಂಡಿತು. ವರ್ಷವಿಡೀ ಗೋಣಿಯಡಿ ಬಚ್ಚಿಟ್ಟು ಮಾಡಿದ್ದು. ಅದು ಕೆಟ್ಟದ್ದು ಎಂದು, ಸಂದರ್ಶನದಲ್ಲಿ ನೆಟ್ಟಗೆ ಒಂದು ಮಾತಾಡಲಾಗದ ನಾನು, ಅವರಿಗೆ ಹೇಳುವುದೇ?

ಮಾತಿಲ್ಲದೆ ಸರಿಮಾಡಬಹುದೇನೋ ಎಂದು ಮಾರನೆಯ ದಿನ ಒಂದು ಉಪಾಯ ಮಾಡಿದೆ. ಅಡುಗೆಮನೆಯ ಕಪಾಟಿನಲ್ಲಿ ಮಾವನ ಮೊಟ್ಟಮೊದಲ ಬೋರ್ಡಿದೆ. ಅಂಚು ಸೊಟ್ಟ ಎಂದು ಅತ್ತೆ ತಳ್ಳಿಹಾಕಿದ್ದು. ಈಗ ಅದರ ಮೇಲೆ ಬಿಸಿ ಪಾತ್ರೆ ಇಡುತ್ತಾರೆ, ಒಂದು ಮೂಲೆಯಲ್ಲಿ ಸುಟ್ಟ ಉಂಗುರದ ಗುರುತಿದೆ. ಅದನ್ನು ಒರೆಸಿ, ಅಂಗಡಿಯ ಹಳೇ ಕಾಯಿಗಳನ್ನು ಜೋಡಿಸಿ, ಬೆಳಗಿನ ಟೀ ಹೊತ್ತಿಗೆ ಕೆಳಗಿನ ಮೇಜಿನ ಮೇಲೆ ಇಟ್ಟೆ. ಗಡಿಯಾರದ ಮಾಮನ ಕಡೆ ನೋಡಿ, “ಒಂದಾಟ…” ಅಂದೆ. ನನ್ನ ಮಟ್ಟಿಗೆ ಅದು ಭಾಷಣ.

“ಪಿಸು ಬಾಯಿ ಬಿಟ್ಟು ಕೇಳಿದ ಮೇಲೆ ಆಡ್ದೆ ಇರೋಕಾಗುತ್ತಾ! ಬನ್ನಿ ಅಕ್ಕ, ಈಗ ನಿಮ್ಮನ್ನ ಸೋಲಿಸೋದು ಸುಲಭ ಅಂತೆ, ನಾನೂ ಒಂದು ಕೈ ನೋಡ್ತೀನಿ.”

ಅತ್ತೆ ಒಲ್ಲದ ಮನಸ್ಸಿನಿಂದ ಕೂತರು. ಟೀ ಬಿಸಿ ಇರುವಾಗಲೇ ಗಡಿಯಾರದ ಮಾಮನ ಆನೆ ಎರಡೂ ಹೋದವು. ಲೋಟ ಖಾಲಿಯಾಗುವ ಹೊತ್ತಿಗೆ ರಾಜ ಮೂಲೆ ಸೇರಿ ಉಸಿರಾಡಲು ಜಾಗವಿರಲಿಲ್ಲ. ಮಾಮ ಹಣೆಯ ಮೇಲಿನ ಕಣ್ಣುಗಾಜನ್ನು ಕಣ್ಣಿಗೆ ಇಳಿಸಿಕೊಂಡು ಬೋರ್ಡನ್ನು ಪರೀಕ್ಷೆ ಮಾಡಿದರು. “ಸ್ಪ್ರಿಂಗೇ ಕಿತ್ಹೋಗಿದೆ ನನ್ನದು,” ಅಂದರು.

ನಾನು ಅತ್ತೆಯ ಮುಖ ನೋಡುತ್ತಿದ್ದೆ. ಒಂದು ಕ್ಷಣ ಹಳೆಯ ಅತ್ತೆ ಬಂದು, ಹುಬ್ಬು ಹಾರಿಸಿ, ಏನೋ ಚುಚ್ಚುಮಾತು ಹೇಳಲು ಹೊರಟರು. ಅಷ್ಟರಲ್ಲಿ ಮುಖ ಇಳಿದುಹೋಯಿತು.

“ನಿಮಗೂ ಹೇಳಿಕೊಟ್ಟಿದ್ದಾರಾ?” ಎಂದರು. “ಪಾಪ ಅಂತ ಎಲ್ಲರೂ ಸೇರಿ ಸೋಲ್ತಿದ್ದೀರಾ?”

“ಇಲ್ಲಕ್ಕ, ದೇವರಾಣೆ, ನಾನು ನಿಜವಾಗ್ಲೂ ಕೆಟ್ಟದಾಗಿ ಆಡ್ದೆ!”

“ಸಾಕು ಬಿಡಿ.”

ಅತ್ತೆ ಸೆರಗು ಕೊಡವಿಕೊಂಡು ಮೆಟ್ಟಿಲು ಹತ್ತಿ ಹೋದರು. ನನ್ನ ಉಪಾಯ ಗಾಯಕ್ಕೆ ಉಪ್ಪು ಹಚ್ಚಿ ಬಂದಿತ್ತು. ಇನ್ನು ಅತ್ತೆ ಗೆದ್ದರೂ ನಂಬುವುದಿಲ್ಲ, ಸೋತರೆ ನಂಬುತ್ತಾರೆ.

ಅವತ್ತು ಸಂಜೆ ಟೀ ಆದಮೇಲೆ ಅತ್ತೆ ಆಡಲು ಕೂರಲಿಲ್ಲ. ಬೋರ್ಡಿನ ಮುಂದೆ ನಿಂತು ಬೀರುವಿನ ಕಾಯಿಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಇಳಿಸುತ್ತಾ ಹೋದರು. ಕಪ್ಪು ಕುದುರೆಯೊಂದನ್ನು ಬಿಟ್ಟೇಬಿಟ್ಟಿದ್ದರು. ಮಾವ ಅದನ್ನೆತ್ತಿ ಅವರ ಕೈಗೆ ಕೊಟ್ಟರು.

“ನೋಡಿದ್ರಾ?” ಎಂದರು ಅತ್ತೆ. “ಇದೂ ಕಾಣ್ಲಿಲ್ಲ.”

“ನಾಳೆ ಡಾಕ್ಟರ ಹತ್ರ ಹೋಗಿ ಬರೋಣ. ಏನೂ ಆಗಿರಲ್ಲ.”

“ಬರ್ತೀನಿ. ಆದ್ರೆ ಇದನ್ನ ಯಾರಿಗಾದ್ರೂ ಕೊಟ್ಬಿಡಿ. ಬುದ್ಧಿ ನೆಟ್ಟಗಿರೋರು ಆಡ್ಲಿ. ಇಷ್ಟು ಚಂದದ ಬೋರ್ಡು ಮಾಡಿಕೊಟ್ರಿ ನೀವು, ನನಗೆ ಅದರ ಯೋಗ್ಯತೆ ಇಲ್ಲದೆ ಹೋಯ್ತು.”

ಮಾವ ನನ್ನ ಕಡೆ ತಿರುಗದೆಯೇ, “ಪಿಸು, ಬಟ್ಟೆ ತಗೊಂಬಾ. ಸುತ್ತಿಡು,” ಅಂದರು.

ಬಟ್ಟೆ ತಂದೆ. ಅತ್ತೆಯ ಕುರ್ಚಿಯ ಹಿಂದೆ ನಿಂತಿದ್ದೆ. ಗೋಡೆಯ ದೀಪ ಬೋರ್ಡಿನ ನಡುವೆ ಹಾಗೆಯೇ ಚೆಲ್ಲಿತ್ತು. ಅರ್ಧಚಂದ್ರದ ಗುರುತು ಮಾತ್ರ ಹೊಳಪಿಲ್ಲದೆ, ಸ್ಪಷ್ಟವಾಗಿ, ಸುಮ್ಮನೆ ಕಾಣುತ್ತಿತ್ತು. ನಾನು ಬಟ್ಟೆ ಬಿಡಿಸಿದೆ. ಮಡಿಸಿದೆ. ಸುತ್ತಿಟ್ಟರೆ ಬೋರ್ಡಿನ ಜೊತೆ ಈ ಮಾತೂ ಒಳಗೇ ಹೋಗುತ್ತದೆ, ಅತ್ತೆ ನಾಳೆಯಿಂದ ತಮ್ಮ ತಲೆಯನ್ನು ನಂಬದೆ ಬದುಕುತ್ತಾರೆ ಎಂದು ಗೊತ್ತಿತ್ತು. ಆದರೂ ನಾಲಿಗೆ ಅಂಗುಳಕ್ಕೆ ಅಂಟಿನಲ್ಲಿ ಕೂರಿಸಿದ ಹಾಗೆ ಕೂತಿತ್ತು.

“ಏನೇ, ನಿಂತುಬಿಟ್ಟೆ?” ಎಂದರು ಮಾವ.

ನಾನು ಬಟ್ಟೆಯನ್ನು ಕುರ್ಚಿಯ ಮೇಲೆ ಇಟ್ಟೆ. ಪೆಟ್ಟಿಗೆಯಿಂದ ಕಪ್ಪು ಒಂಟೆಯನ್ನು ತೆಗೆದು, ಕಪ್ಪು ಮನೆಯೊಂದರಲ್ಲಿ ನಿಲ್ಲಿಸಿದೆ. ಮಾವನ ಕೈ ಹಿಡಿದೆ. ಹಾಗೆ ನಾನು ಅವರ ಕೈ ಹಿಡಿದದ್ದು ಚಿಕ್ಕವಳಿದ್ದಾಗ, ರಸ್ತೆ ದಾಟಲು. ಎಳೆದುಕೊಂಡು ಬಂದು ಅತ್ತೆಯ ಕುರ್ಚಿಯಲ್ಲಿ, ಬಟ್ಟೆಯ ಮೇಲೆಯೇ, ಕೂರಿಸಿದೆ. ಅವರು ಬೋರ್ಡು ನೋಡಿದರು. ಹುಡುಕುವವರ ಹಾಗೆ ಹುಬ್ಬು ಗಂಟಿಕ್ಕಿತು. ಕುತ್ತಿಗೆ ಒಮ್ಮೆ ಪಕ್ಕಕ್ಕೆ ವಾಲಿತು, ಮತ್ತೆ ನೆಟ್ಟಗಾಯಿತು, ಮತ್ತೆ ವಾಲಿತು.

ಅತ್ತೆ ನಮ್ಮಿಬ್ಬರನ್ನೂ ಅರ್ಥವಾಗದೆ ನೋಡುತ್ತಿದ್ದರು. ಅವರಿಗೆ ಕೇಳಿಸಬೇಕಿತ್ತು, ಅವರಿಗೇ. ನನ್ನ ದನಿ ಹೊರಟಾಗ ಅದು ಪಿಸುಮಾತಿನಂತೆ ಇರಲಿಲ್ಲ. ಕೆಳಗಿನ ಕೋಣೆಗೂ ಕೇಳಿರಬೇಕು.

“ಅತ್ತೆ ಚೆನ್ನಾಗಿದ್ದಾರೆ ಮಾವ. ಬೋರ್ಡು ಚೆನ್ನಾಗಿಲ್ಲ.”